ನಡುವಿನವರ ಹೊಣೆ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ನಮ್ಮಲ್ಲಿ ಹಳೆಯ ಗಾದೆ. ರಾಷ್ಟ್ರ ರಾಷ್ಟ್ರಗಳ ನಡುವಣ ನೆರವಿಗೂ ಈ ಮಾತು ಸಲ್ಲುತ್ತದೆ. ಸಿರಿವಂತ ಸರ್ಕಾರವೊಂದು ಬಡ ದೇಶಕ್ಕೆ ಇಷ್ಟು ಕೋಟಿ ನೀಡಿತೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಅನೇಕ ವೇಳೆ ಆ ಹಣ ಮೊದಲು ಸೇರುವುದು ದಾನಿಯ ನಾಡಿನಲ್ಲಿಯೇ ಇರುವ ಖಾಸಗಿ ಸಲಹಾ ಸಂಸ್ಥೆಯ ಬೊಕ್ಕಸವನ್ನು. ತಾನು ಕೊಡುವ ಹಣದಿಂದ ತನ್ನ ಸರಕನ್ನೇ, ಸೇವೆಯನ್ನೇ ಕೊಳ್ಳಬೇಕೆಂಬ ಕಟ್ಟುಪಾಡನ್ನು ಬ್ರಿಟನ್ 2001ರಲ್ಲಿ ಕೈಬಿಟ್ಟಿತು. ಆ ಬಳಿಕವೂ ಅದರ ದೊಡ್ಡ ಗುತ್ತಿಗೆಗಳಲ್ಲಿ ಬಹುಪಾಲು ಬ್ರಿಟಿಷ್ ಸಂಸ್ಥೆಗಳಿಗೇ ಸಂದವು.

ಸಲಹೆಗಾರರೆಲ್ಲ ಲಾಭಬಡುಕರೆಂದು ಹೇಳುವುದು ಅನ್ಯಾಯ. ಔಷಧವನ್ನು ಕೆಡದಂತೆ ಸಾಗಿಸುವುದು, ಲೆಕ್ಕಪತ್ರಗಳನ್ನು ಒಪ್ಪವಾಗಿಡುವುದು ತಜ್ಞರ ಕೆಲಸವೇ. 1961ರಲ್ಲಿ ಹುಟ್ಟಿದ ಅಮೆರಿಕದ ನೆರವು ಇಲಾಖೆ ಯುಎಸ್‌ಏಡ್ 1990ರ ದಶಕದಲ್ಲಿ ತನ್ನ ಸಿಬ್ಬಂದಿಯನ್ನು ಬಹಳವಾಗಿ ಕಡಮೆ ಮಾಡಿತು. ಕೈಗಳಿಲ್ಲದ ಇಲಾಖೆ ಬಾಡಿಗೆಯ ಕೈಗಳನ್ನು ಹುಡುಕಿದ್ದರಲ್ಲಿ ಆಶ್ಚರ್ಯವೇನು? ಆದಕಾರಣ ನಾವು ಕೇಳಬೇಕಾದ ಪ್ರಶ್ನೆ ಅವರ ಜಾಣ್ಮೆಯನ್ನು ಕುರಿತದ್ದಲ್ಲ. ಅವರು ಯಾರಿಗೆ ಉತ್ತರ ಹೇಳಬೇಕಾದವರು ಎಂಬುದೇ ಆ ಪ್ರಶ್ನೆ.

ಒಂದು ನಿದರ್ಶನವನ್ನು ನೋಡೋಣ. ಏಡ್ಸ್, ಮಲೇರಿಯ ಮೊದಲಾದ ರೋಗಗಳ ಔಷಧಿಗಳನ್ನು ಬಡ ದೇಶಗಳಿಗೆ ತಲಪಿಸುವ ಕಾರ್ಯವನ್ನು ಯುಎಸ್‌ಏಡ್ 2015ರಲ್ಲಿ ಕೆಮೋನಿಕ್ಸ್ ಎಂಬ ಖಾಸಗಿ ಸಂಸ್ಥೆಗೆ ವಹಿಸಿತು. ಗುತ್ತಿಗೆಯ ಗರಿಷ್ಠ ಮೌಲ್ಯ 950 ಕೋಟಿ ಡಾಲರು. 2017ರಲ್ಲಿ ಸರಬರಾಜು ತೀರ ತಡವಾಯಿತು. ಮುಂದೆ ಸುಧಾರಿಸಿತೆಂಬುದನ್ನೂ ಹೇಳಬೇಕು. ಆದರೆ ಈ ವಿಷಯದಲ್ಲಿ 2018ರಲ್ಲಿ ವಿಚಾರಣೆ ನಡೆದದ್ದು ವಾಷಿಂಗ್ಟನ್ನಿನಲ್ಲಿ. ಔಷಧಿಗಾಗಿ ಕಾದವರು ಇದ್ದದ್ದು ಆಫ್ರಿಕದ ಆಸ್ಪತ್ರೆಗಳಲ್ಲಿ.

ಈ ಅಂತರದ ನಿಜಸ್ವರೂಪ ಬಯಲಾದದ್ದು 2025ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ವಿದೇಶೀ ನೆರವನ್ನು ಒಮ್ಮೆಲೇ ತಡೆಹಿಡಿದರು. ಕೆಮೋನಿಕ್ಸ್ ಮೊದಲಾದ ಸಂಸ್ಥೆಗಳು ನ್ಯಾಯಾಲಯದ ಮೊರೆಹೊಕ್ಕವು. ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಹಣ ಸಲ್ಲಬೇಕೆಂದು ನ್ಯಾಯಾಧೀಶರು ಆಜ್ಞಾಪಿಸಿದರು. ಆ ಆಜ್ಞೆಯನ್ನು ತಡೆಯಲು ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇದು ನ್ಯಾಯವೇ, ದುಡಿದವನಿಗೆ ಕೂಲಿ ಸಲ್ಲಬೇಕು. ಆದರೆ ಮಾತ್ರೆ ನಿಂತುಹೋದ ರೋಗಿ ಯಾವ ನ್ಯಾಯಾಲಯಕ್ಕೆ ಹೋಗಬೇಕು? ಗುತ್ತಿಗೆಯ ಪತ್ರದಲ್ಲಿ ಅವನ ರುಜುವಿರಲಿಲ್ಲ. ಅವನ ಹೆಸರಿನಲ್ಲಿ ನಡೆದ ವ್ಯವಹಾರದಲ್ಲಿ ಅವನೊಬ್ಬನೇ ಹೊರಗಿನವನು.

2025ರ ಜುಲೈ 1ರಂದು ಯುಎಸ್‌ಏಡ್ ತನ್ನ ಕಾರ್ಯವನ್ನೇ ಮುಗಿಸಿತು. ನಡುವಿನವರ ಕಾಟ ತಪ್ಪಿತೆಂದು ಹಿಗ್ಗುವವರೂ ಉಂಟು. ಆ ಹಿಗ್ಗಿಗೆ ಅರ್ಥವಿಲ್ಲ. ಊರುಗೋಲನ್ನು ಕಿತ್ತುಕೊಂಡ ಮಾತ್ರಕ್ಕೆ ಕಾಲಿಗೆ ಬಲ ಬಾರದು. ನೆರವು ಪಡೆಯುವ ದೇಶಗಳ ಸ್ವಂತ ವ್ಯವಸ್ಥೆಯ ಮೂಲಕವೇ ಆದಷ್ಟೂ ಕೆಲಸ ನಡೆಸುವೆವೆಂದು ದಾನಿ ರಾಷ್ಟ್ರಗಳು 2005ರ ಪ್ಯಾರಿಸ್ ಘೋಷಣೆಯಲ್ಲಿ ಮಾತು ಕೊಟ್ಟಿದ್ದುವು. ಆ ಮಾತನ್ನು ಮನಸಾರ ನಡೆಸಿದ್ದರೆ ಎಷ್ಟೋ ಉಗ್ರಾಣಗಳ ಬೀಗದ ಕೈ ಆಯಾ ನಾಡಿನವರ ಕೈಯಲ್ಲಿಯೇ ಇರುತ್ತಿತ್ತು.

ಸಲಹೆಗಾರನು ಬರಲಿ, ಬೇಡವೆನ್ನಲಾಗದು. ಆದರೆ ಅವನ ಗುತ್ತಿಗೆಗೆ ನೆರವು ಪಡೆಯುವ ದೇಶವೂ ರುಜು ಹಾಕಲಿ. ಅದರ ಕರಾರುಗಳು ಆ ದೇಶದ ಭಾಷೆಯಲ್ಲಿ ಪ್ರಕಟವಾಗಲಿ. ಅವಧಿ ಮುಗಿಯುವ ವೇಳೆಗೆ ಅಲ್ಲಿನವರಿಗೆ ಅವನ ಅಗತ್ಯ ತೀರಿರಲಿ. ತನ್ನನ್ನು ಅನಾವಶ್ಯಕನನ್ನಾಗಿ ಮಾಡಿಕೊಳ್ಳುವವನೇ ಒಳ್ಳೆಯ ಗುರು ಎಂಬುದನ್ನು ಉಪಾಧ್ಯಾಯರು ಬಲ್ಲರು. ನೆರವಿನ ಧರ್ಮವೂ ಅದೇ ಅಲ್ಲವೆ?