ಸಾವಿನ ವಯಸ್ಸು: ಒಂದು ವಿಚಾರ

"ಅವನ ಆಯುಸ್ಸು ಅಷ್ಟೇ ಇತ್ತು" ಎಂದು ನಮ್ಮ ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಆಯುಸ್ಸು ಕೇವಲ ಹಣೆಯ ಬರಹವಾಗಿದ್ದರೆ ಅದು ಕಾಲದಿಂದ ಕಾಲಕ್ಕೆ ಬದಲಾಗಬಾರದಾಗಿತ್ತು. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು ಸುಮಾರು 70 ವರ್ಷ. ಬ್ರಹ್ಮನು ಇಷ್ಟು ಬೇಗ ತನ್ನ ಬರವಣಿಗೆಯನ್ನು ತಿದ್ದಿಕೊಂಡನೆ?

ಅಂದು ಜನರೆಲ್ಲ ಮೂವತ್ತೆರಡಕ್ಕೇ ಸಾಯುತ್ತಿದ್ದರೆಂದು ಭಾವಿಸುವುದು ತಪ್ಪು. ಒಂದು ಮನೆಯಲ್ಲಿ ಹುಟ್ಟಿದೊಡನೆ ಒಂದು ಕೂಸೂ, 70ನೆಯ ವಯಸ್ಸಿನಲ್ಲಿ ಅಜ್ಜನೂ ತೀರಿಕೊಂಡರೆ ಸರಾಸರಿ 35 ಆಗುತ್ತದೆ. ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದುದು ಮುಖ್ಯವಾಗಿ ಮಕ್ಕಳ ಸಾವು. ಸಿಡುಬು, ವಾಂತಿಭೇದಿಗಳು ತೊಟ್ಟಿಲನ್ನೇ ಹುಡುಕಿಕೊಂಡು ಬರುತ್ತಿದ್ದವು. ಹಿರಿಯೂರು ಸೀಮೆಯಲ್ಲಿ ಮಾರಿಕಣಿವೆಯ ನಾಲೆಯ ನೀರಿನೊಡನೆ ಮಲೇರಿಯಾವೂ ಕಾಡುತ್ತಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ದೇಶದಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವರು 1971ರಲ್ಲಿ 129, 2020ರಲ್ಲಿ 28.

ಹಾಗಾದರೆ ಆಸ್ಪತ್ರೆಯ ದಾಖಲೆಯಲ್ಲಿ ಮೃತರ ವಯಸ್ಸು ಏರಿರುವುದನ್ನು ಕಂಡು ನಾವು ಸಂತೋಷಪಟ್ಟು ಸುಮ್ಮನಾಗಬಹುದೆ? ಆಗದು ಎಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ನನ್ನ ಸ್ವಂತ ಅನುಭವ.

ಹೊಸದುರ್ಗ ತಾಲ್ಲೂಕಿನ ನನ್ನ ಸೋದರಮಾವ ಎದೆನೋವಿನಿಂದ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. "ವಯಸ್ಸೆಷ್ಟಪ್ಪಾ?" ಎಂದು ಗುಮಾಸ್ತರು ಕೇಳಿದಾಗ, ಮಾವನ ನರೆತ ತಲೆಯನ್ನು ನೆನೆದು "ಅರವತ್ತು ಬರೆದುಕೊಳ್ಳಿ ಸಾರ್" ಎಂದೆ. ತಿಂಗಳ ಮೇಲೆ ಅತ್ತೆಯ ಟ್ರಂಕಿನಲ್ಲಿ ಮಾವನ ಶಾಲೆಯ ವರ್ಗಾವಣೆ ಪತ್ರ ಸಿಕ್ಕಿತು. ಅವರಿಗೆ ಆಗಿದ್ದುದು 47! ತಪ್ಪು ಗುಮಾಸ್ತರದಲ್ಲ, ನನ್ನದು.

ಈ ಒಂದು ಮಾತಿನಿಂದ ಆದುದೇನು? 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಸಾವು ಸಂಭವಿಸಿದ ಸ್ಥಳದಲ್ಲೇ ಅದು ನೋಂದಣಿಯಾಗಬೇಕು. ಆದುದರಿಂದ ಮಾವನ ಸಾವು ಚಿತ್ರದುರ್ಗದ ಪುಸ್ತಕಕ್ಕೆ ಸೇರಿತು. ವಾಸದ ಊರನ್ನು ಬೇರೆಯಾಗಿ ಕೇಳುತ್ತಾರೆ, ನಿಜ. ಆದರೆ ಪುಸ್ತಕವನ್ನಷ್ಟೇ ಎಣಿಸುವವರಿಗೆ ಹೊಸದುರ್ಗ, ಹೊಳಲ್ಕೆರೆಗಳ ನಡುವಯಸ್ಸಿನ ರೋಗಿಗಳು ಜಿಲ್ಲಾ ಕೇಂದ್ರದ ಲೆಕ್ಕದಲ್ಲಿ ಕಾಣುತ್ತಾರೆ. ಊರಿನ ಲೆಕ್ಕದಲ್ಲಿ ಮನೆಯಲ್ಲೇ ಕಣ್ಣುಮುಚ್ಚಿದ ವೃದ್ಧರು ಉಳಿಯುತ್ತಾರೆ. ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ಗಾಯಗೊಂಡ ಪರವೂರಿನ ಯುವಕ ಅಲ್ಲಿನ ಆಸ್ಪತ್ರೆಯಲ್ಲಿ ಸತ್ತರೆ ಹಿರಿಯೂರಿನ ಪುಸ್ತಕ ಸೇರುತ್ತಾನೆ. ಹೀಗಿರುವಾಗ ನಾಲ್ಕು ತಾಲ್ಲೂಕುಗಳ ಸರಾಸರಿಯನ್ನು ಪಕ್ಕಪಕ್ಕದಲ್ಲಿಟ್ಟು ಆರೋಗ್ಯವನ್ನು ಅಳೆಯುವುದು ಎಷ್ಟು ಸರಿ?

ಇದಕ್ಕಿಂತ ಮಿಗಿಲಾದ ನಷ್ಟ ಇನ್ನೊಂದಿದೆ. ಅರವತ್ತರಲ್ಲಿ ಸತ್ತರೆ "ವಯಸ್ಸಾಗಿತ್ತು" ಎಂದು ಜನ ಎದ್ದುಹೋಗುತ್ತಾರೆ. ನಲವತ್ತೇಳರಲ್ಲಿ ಸತ್ತರೆ "ಏಕೆ ಸತ್ತ?" ಎಂದು ಕೇಳುತ್ತಾರೆ. ರಕ್ತದೊತ್ತಡ ನೋಡಿಸಿದ್ದರೆ? ಬೀಡಿ ಬಿಟ್ಟಿದ್ದರೆ? ನಾನು ಸೇರಿಸಿಕೊಟ್ಟ ಹದಿಮೂರು ವರ್ಷಗಳು ಈ ಪ್ರಶ್ನೆಗಳನ್ನೆಲ್ಲ ನುಂಗಿಬಿಟ್ಟವು.

ನಮ್ಮಲ್ಲಿ ಹಲವರು ಮನೆಗೆ ಮೊದಲ ಅಕ್ಷರಸ್ಥರು. ಆಸ್ಪತ್ರೆಯ ಕಿಟಕಿಯ ಮುಂದೆ ನಿಲ್ಲುವವರು ನಾವೇ. ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರ ಹುಟ್ಟಿದ ವರ್ಷವನ್ನು ವಿಚಾರಿಸಿ ಬರೆದಿಡೋಣ. ಸತ್ತವರಿಗೆ ಅದರಿಂದ ಪ್ರಯೋಜನವಿಲ್ಲ. ಬದುಕಿರುವ ಅವರ ತಮ್ಮಂದಿರಿಗೆ ಇದೆ.