ಭಾರವನ್ನೆತ್ತುವ ಬಗೆ

ನಾವು ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ, ಪುಸ್ತಕಗಳು ತುಂಬಿದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ಶಾಲೆಯ ಮಹಡಿಗೆ ಸಾಗಿಸಬೇಕಾಯಿತು. "ಬೇಗ ಎತ್ತಪ್ಪಾ, ತನಿಖೆಯವರು ಬರುವ ಹೊತ್ತಾಯಿತು" ಎಂದು ಜವಾನನನ್ನು ಅವಸರಪಡಿಸಿದವರು ನಾವೇ. ಆತನು ಮೊಣಕಾಲನ್ನು ಮಡಿಸದೆ ನಡುವನ್ನೇ ಬಾಗಿಸಿ ಪೆಟ್ಟಿಗೆಯನ್ನೆತ್ತಿದನು. ಎತ್ತಿದವನು ನಿಂತಲ್ಲಿಯೇ ಮೆಟ್ಟಿಲ ಕಡೆಗೆ ಮೈ ತಿರುಚಿದನು. "ಅಯ್ಯೋ ಸ್ವಾಮಿ" ಎಂದು ಕುಸಿದವನು ಮೂರು ತಿಂಗಳು ನೆಟ್ಟಗೆ ನಿಲ್ಲಲಿಲ್ಲ. ಪೆಟ್ಟಿಗೆಯನ್ನು ತೆರೆದು ಪುಸ್ತಕಗಳನ್ನು ನಾಲ್ಕು ಸಲವಾಗಿ ಒಯ್ದಿದ್ದರೆ ಕಾಲುಗಂಟೆ ಹೆಚ್ಚು ಹಿಡಿಯುತ್ತಿದ್ದಿತು, ಅಷ್ಟೆ. ತನಿಖೆಯವರು ಅಂದು ಬರಲೇ ಇಲ್ಲ.

ಆ ಪೆಟ್ಟಿಗೆ ಮಾಡಿದ ಅನರ್ಥವನ್ನು ತಿಳಿಯಲು ಸನ್ನೆಗೋಲಿನ ಲೆಕ್ಕವೇ ಸಾಕು. ಪೃಷ್ಠವಂಶದ ಮೂಳೆಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳುಂಟು. ಮುಂದೆ ಹಿಡಿದ ಭಾರವನ್ನು ತಡೆಯುವ ಬೆನ್ನಿನ ಸ್ನಾಯುಗಳು ಬಿಲ್ಲೆಯ ನಡುವಿನಿಂದ ಸುಮಾರು 5 ಸೆಂಟಿಮೀಟರು ಮಾತ್ರ ಹಿಂದಿರುವುವು. 20 ಕಿಲೋ ತೂಕದ ಗಂಟನ್ನು ಬಿಲ್ಲೆಯಿಂದ 25 ಸೆಂಟಿಮೀಟರು ದೂರದಲ್ಲಿ ಹಿಡಿದರೆ ಆ ಸ್ನಾಯುಗಳು 100 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. 50 ಸೆಂಟಿಮೀಟರು ದೂರದಲ್ಲಿ ಹಿಡಿದರೆ 200 ಕಿಲೋ. ಬಾಗಿದ ದೇಹದ ಭಾರ ಬೇರೆ. ಗಂಟು ಅದೇ, ಆಳೂ ಅವನೇ, ಹೆಚ್ಚಿದುದು ದೂರವೊಂದೇ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ನರು 1960ರ ದಶಕದಲ್ಲಿ ಜೀವಂತ ಮನುಷ್ಯರ ಬಿಲ್ಲೆಗೆ ಸೂಜಿಯಿಳಿಸಿ ಒತ್ತಡವನ್ನಳೆದು, ನಿಂತಾಗಿನದಕ್ಕಿಂತ ಮುಂದಕ್ಕೆ ಬಾಗಿದಾಗ ಅದು ಹೆಚ್ಚುವುದನ್ನು ಕಂಡರು.

ಆದಕಾರಣ ಪಾದಗಳನ್ನು ಅಗಲಿಸಿ, ಭಾರದ ಹತ್ತಿರ ನಿಂತು, ಮೊಣಕಾಲು ಮಡಿಸಿ, ವಸ್ತುವನ್ನು ಹೊಟ್ಟೆಗೆ ಆನಿಸಿಕೊಂಡು ಏಳಬೇಕು. ತಿರುಗುವಾಗ ನಡುವನ್ನು ತಿರುಚದೆ ಹೆಜ್ಜೆಯಿಟ್ಟು ತಿರುಗಬೇಕು. ಮಂಡಿಯ ಹಮಾಲರು ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಇಬ್ಬರು ಎತ್ತಿಕೊಡುವರು, ಒಬ್ಬನು ಬೆನ್ನಿಗೇ ಅಂಟುವಂತೆ ಹೊರುವನು.

ಇಷ್ಟನ್ನು ಬೋಧಿಸಿದರೆ ಸಾಕೆಂದು ಜನ್ಮವೆಲ್ಲ ಬೋಧಿಸಿದ ನಮಗೆ ತೋರುವುದು ಸಹಜವೇ. ಆದರೆ 2011ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಅನೇಕ ಪ್ರಯೋಗಗಳನ್ನು ಪರಿಶೀಲಿಸಿ, ಎತ್ತುವ ಕ್ರಮವನ್ನು ಕಲಿಸಿದ ಮಾತ್ರಕ್ಕೆ ಕೆಲಸಗಾರರ ಬೆನ್ನುನೋವು ತಪ್ಪಿದುದಕ್ಕೆ ಆಧಾರ ಕಾಣದೆಂದಿತು. ನಮ್ಮ ಜವಾನನಿಗೆ ಕ್ರಮ ಗೊತ್ತಿದ್ದರೂ, ನಮ್ಮ ಅವಸರದ ಮುಂದೆ ಅದು ಎಲ್ಲಿ ನಿಲ್ಲುತ್ತಿದ್ದಿತು? ಭಾರವೇ ಇಳಿಯಬೇಕು, ಹೊತ್ತು ಹೆಚ್ಚಬೇಕು. ಇವೆರಡೂ ಹೊರುವವನ ಕೈಯಲ್ಲಿಲ್ಲ, ಹೊರಿಸುವವನ ಕೈಯಲ್ಲಿವೆ. 'ಭಾರ' ಶಬ್ದವೂ 'ಭೃತ್ಯ' ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದುವು; ಭೃತ್ಯನೆಂದರೆ ಪೋಷಿಸಲ್ಪಡತಕ್ಕವನು. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಎಷ್ಟು ಸಲ ಹೇಳಿದ್ದೆವೋ!

1948ರ ಕಾರ್ಖಾನೆಗಳ ಕಾಯಿದೆಯ 34ನೆಯ ಪ್ರಕರಣವು, ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು ವಿಧಿಸಿತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಪ್ರಾಯದ ಗಂಡಾಳಿನ ಹೊರೆ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಅದು ಮೀರಬಾರದ ಎಲ್ಲೆಯೇ ಹೊರತು ಹಿತವಾದ ಹೊರೆಯಲ್ಲ. ಕಾರ್ಖಾನೆಗಾದರೋ ತನಿಖಾಧಿಕಾರಿಯಾದರೂ ಬಂದಾನು. ನಮ್ಮ ಅಡಿಗೆಮನೆಗೆ, ಅಟ್ಟಕ್ಕೆ ಯಾರು ಬರುವರು? ಬೀರುವನ್ನು ತುಂಬಿದಂತೆಯೇ ಸರಿಸೆನ್ನುವವರೂ ಅಕ್ಕಿಯ ಚೀಲವನ್ನು ಒಬ್ಬನಿಂದಲೇ ಅಟ್ಟಕ್ಕೇರಿಸುವವರೂ ನಾವು ಗೃಹಸ್ಥರೇ.

ನಮ್ಮ ಮನೆಗೆ ಈಗ 50 ಕಿಲೋ ಚೀಲಕ್ಕೆ ಬದಲಾಗಿ 25ರ ಎರಡು ಚೀಲಗಳು ಬರುವುವು. ಅವು ಅಟ್ಟಕ್ಕೇರದೆ ಸೊಂಟದೆತ್ತರದ ಕಟ್ಟೆಯ ಮೇಲಿರುವುವು. ನೀರಿನ ಕೊಡವನ್ನು ಹೊರುವ ಹೆಂಗಸರ ವಿಚಾರವನ್ನು ಮುಂದಿನ ತಿಂಗಳು ಬರೆಯುವೆವು.