ಹೂ ಬಿಟ್ಟಾಗಲೇ ಗುತ್ತಿಗೆ

ಕೆಲವು ವಿನಾಯಿತಿ ಬಿಟ್ಟರೆ, ಹದಿನೆಂಟು ತುಂಬದ ಆಟಗಾರರನ್ನು ಬೇರೆ ದೇಶದ ಕ್ಲಬ್ಬಿಗೆ ಸೇರಿಸುವಂತಿಲ್ಲ ಅನ್ನುತ್ತೆ ಫೀಫಾ ನಿಯಮ. ಎಷ್ಟು ಕಾಳಜಿ ಅಲ್ವಾ? ಹಾಗಾದ್ರೆ ಬ್ರೆಜಿಲ್ಲಿನ ಎಂಡ್ರಿಕ್ ಕಥೆ ನೋಡಿ.

ಹುಟ್ಟಿದ್ದು 2006ರ ಜುಲೈ 21. ಪಾಲ್ಮೆರಾಸ್‌ನ ಹಿರಿಯರ ತಂಡಕ್ಕೆ ಮೊದಲು ಆಡಿದ್ದು 2022ರ ಅಕ್ಟೋಬರಿನಲ್ಲಿ. ಅದೇ ಡಿಸೆಂಬರಿಗೆ ರಿಯಲ್ ಮ್ಯಾಡ್ರಿಡ್ ಜೊತೆ ವ್ಯಾಪಾರ ಕುದುರಿಯೂ ಆಗಿತ್ತು! ವಯಸ್ಸು 16. ಮಾಲಿನ ಡೆಲಿವರಿ ಮಾತ್ರ 2024ರಲ್ಲಿ, ಹದಿನೆಂಟು ತುಂಬಿದ ಮೇಲೆ. ಮಾವಿನ ತೋಪನ್ನು ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿಯೋದು ಅಂದ್ರೆ ಇದೇ ಸ್ವಾಮಿ.

"ವಿನೀಸಿಯಸ್‌ನನ್ನೂ 2017ರಲ್ಲಿ ಹೀಗೇ ಕೊಂಡಿದ್ದರಲ್ಲ, ಅವನು ಗೆಲ್ಲಲಿಲ್ವಾ?" ಅಂತೀರಿ. ಗೆದ್ದ, ಸರಿ. ಬಹುಮಾನ ಬಂದವನ ಫೋಟೋ ಹಾಕಿ ಟಿಕೇಟು ಮಾರೋದು ಲಾಟರಿ ಅಂಗಡಿಯವರ ವಿದ್ಯೆ...

2024ರ ಮಾರ್ಚಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದ ಹುಡುಗ ಇವನು. ಮ್ಯಾಡ್ರಿಡ್‌ನಲ್ಲಿ ಅವನ ಮುಂದೆ ಎಂಬಾಪೆ, ವಿನೀಸಿಯಸ್, ರೊಡ್ರಿಗೊ. ಬೆಂಚು ಕಾಯಿಸಿದರು. 2026ರ ಜನವರಿಗೆ ಲೋನ್ ಮೇಲೆ ಫ್ರಾನ್ಸಿನ ಲಿಯಾನ್‌ಗೆ ಸಾಗಹಾಕಿದರು.

ಹದಿನೆಂಟರೊಳಗೆ ಮಾರಾಟದ ಮಾತುಕತೆಯೇ ಕೂಡದು ಅಂತ ಫೀಫಾ ಯಾಕೆ ಬರೆಯಲ್ಲ? ಎಸ್ತೆವಾವೊ ಅನ್ನೋ ಇನ್ನೊಬ್ಬ ಹುಡುಗನನ್ನು 2024ರಲ್ಲಿ, ಹದಿನೇಳಕ್ಕೇ, ಚೆಲ್ಸಿಗೆ ಮಾರಿದ್ದೂ ಇದೇ ಪಾಲ್ಮೆರಾಸ್.